ಕೆಂಪು ಚುಕ್ಕೆ ಕಂಡವಳು

ಮನೆಯವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಚಿಕ್ಕಮ್ಮನ ಮಗಳು ಮಾತ್ರ ಚಿನ್ನು. ಇಬ್ಬರೂ ಒಂದೇ ಮನೆಯಲ್ಲಿ, ಒಬ್ಬಳೇ ಅಜ್ಜಿಯ ಮಡಿಲಲ್ಲಿ ಬೆಳೆದವರು. ಅಡ್ಡಹೆಸರಿಡುವಾಗಲೇ ಪಂಕ್ತಿಭೇದ ಮಾಡಿಬಿಟ್ಟರಲ್ಲ ಎಂದು ಕಡ್ಡಿಗೆ ಬುದ್ಧಿ ಬಂದಾಗಿನಿಂದಲೂ ಒಳಗೊಳಗೇ ಕುದಿ.

ಕಿರುಚಿತ್ರ ಮಾಡಲು ಕಲಿಯಬೇಕೆಂದು ಮೊದಲು ಆಸೆಪಟ್ಟವಳು ಕಡ್ಡಿಯೇ. ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಚೌಕ ಕತ್ತರಿಸಿ, ಅದನ್ನು ಒಂದು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಸುತ್ತುತ್ತಿದ್ದಳು. ಬಾಗಿಲಿಗೆ ಮಂಡಿ ತಾಗಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಚಿನ್ನುವಿಗೆ ಇಂಥ ಹುಚ್ಚೇನೂ ಇರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವ ದಿನ ಸಾಲಿನಲ್ಲಿ ನಿಂತು, "ಅಕ್ಕಾ, ನೀನು ಯಾವ್ದು ತಗೊಂಡೆ? ನನಗೂ ಅದೇ ಇರಲಿ ಬಿಡು" ಎಂದಿದ್ದಳು, ಅಷ್ಟೆ.

ಮೊದಲ ವರ್ಷದವರಿಗೆ ಕಲಿಸುವ ಮೇಷ್ಟ್ರು ಪುಸ್ತಕಕ್ಕಿಂತ ಕೈಕೆಲಸವನ್ನು ನಂಬಿದವರು. ಇಬ್ಬಿಬ್ಬರನ್ನು ಜೋಡಿ ಮಾಡಿ, ಜೋಡಿಗೊಂದು ಕ್ಯಾಮೆರಾ, ಧ್ವನಿಯನ್ನು ಬೇರೆಯಾಗಿಯೇ ಹಿಡಿದಿಡುವ ಒಂದು ಮೈಕು ಮೇಜಿನ ಮೇಲಿಟ್ಟರು.

"ಮನೇಲಿ ಯಾರಾದ್ರೂ ಕೈಯಾರೆ ಮಾಡೋ ಕೆಲಸ ಒಂದನ್ನ ಚಿತ್ರ ಮಾಡ್ಕೊಂಡು ಬನ್ನಿ. ಯಾವ ಚಿತ್ರ ಚೆನ್ನಾಗಿರುತ್ತೋ, ಅದರ ಕ್ಯಾಮೆರಾ ಹಿಡಿದವರಿಗೇ ವರ್ಷದ ಕೊನೆಯ ದೊಡ್ಡ ಚಿತ್ರದ ಕ್ಯಾಮೆರಾ."

ಕಡ್ಡಿ ಕೈ ಚಾಚುವಷ್ಟರಲ್ಲಿ ಚಿನ್ನು ಕ್ಯಾಮೆರಾವನ್ನು ಎದೆಗವಚಿಕೊಂಡಾಗಿತ್ತು. ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿದ ಮೈಕು ಕಡ್ಡಿಯ ಪಾಲಿಗೆ ಉಳಿಯಿತು.

"ಕಡ್ಡಿ ಕೈಗೊಂದು ಕಡ್ಡಿ! ಹೇಳಿ ಮಾಡಿಸಿದ ಹಾಗಿದೆ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಕಡ್ಡಿಯೂ ನಕ್ಕಳು. ನಗದಿದ್ದರೆ ಇನ್ನೂ ನಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಅಜ್ಜಿ ಆ ವಾರ ತಾತನ ಹಳೆಯ ಸ್ವೆಟರ್ ಬಿಚ್ಚುವವಳಿದ್ದಳು. ತಾತ ಹೋದ ಮೇಲೆ ಅದು ಪೆಟ್ಟಿಗೆಯಲ್ಲೇ ಇತ್ತು. ಉಣ್ಣೆ ಬಿಚ್ಚಿ ಉಂಡೆ ಮಾಡಿಟ್ಟುಕೊಂಡು, ಹೊಸದಾಗಿ ಏನನ್ನಾದರೂ ಹೆಣೆಯುವ ಯೋಚನೆ. ಅದನ್ನೇ ಚಿತ್ರ ಮಾಡೋಣ ಎಂದವಳು ಕಡ್ಡಿ. ಅಜ್ಜಿಯನ್ನು ಒಪ್ಪಿಸಿದವಳು ಚಿನ್ನು.

"ಒಂದೇ ಸಲ ಬಿಚ್ಚೋದು ಕಣ್ರೇ. ಆಮೇಲೆ ಇನ್ನೊಂದ್ಸಲ ಮಾಡು ಅಂತ ನನ್ನ ಪ್ರಾಣ ತಿನ್ನಬೇಡಿ" ಎಂದು ಅಜ್ಜಿ ಮೊದಲೇ ಹೇಳಿದ್ದಳು.

ಕಿಟಕಿಯಿಂದ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಚಿನ್ನು ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ತಿರುಪು ಬಿಗಿಮಾಡಿದಳು. ಆಗಲೇ ಅವಳ ಹೆಬ್ಬೆರಳು ಗುಂಡಿಗೆ ತಾಗಿರಬೇಕು. ಒಮ್ಮೆ ಒತ್ತಿದರೆ ಓಡುವ, ಮತ್ತೊಮ್ಮೆ ಒತ್ತಿದರೆ ನಿಲ್ಲುವ ಗುಂಡಿ ಅದು. ಬಿಸಿಲಿನ ಹೊಳಪಿಗೆ ಹಿಂದಿನ ಪರದೆಯಲ್ಲಿ ಗುರುತು ಕಾಣಲಿಲ್ಲ. ಆದರೆ ಕ್ಯಾಮೆರಾದ ಮುಂಭಾಗದಲ್ಲಿ, ಅದು ಓಡುವಾಗ ಮಾತ್ರ ಉರಿಯುವ ಪುಟ್ಟ ಕೆಂಪು ಚುಕ್ಕೆಯೊಂದಿತ್ತು. ಅಜ್ಜಿಯ ಪಕ್ಕದಲ್ಲಿ ಕೋಲು ಎತ್ತಿ ನಿಂತ ಕಡ್ಡಿಗೆ ಅದು ನೇರ ಎದುರಿಗೆ.

"ಶುರು ಅಜ್ಜಿ!" ಎಂದು ಚಿನ್ನು ಗುಂಡಿ ಒತ್ತಿದಳು. ಉರಿಯುತ್ತಿದ್ದ ಚುಕ್ಕೆ ಆರಿತು.

ಕಡ್ಡಿಯ ಬಾಯಿ ತೆರೆಯಿತು. ಅಷ್ಟರಲ್ಲಿ ಅಜ್ಜಿ, "ಚಿನ್ನಾ, ನೀನು ಎದುರಿಗಿದ್ರೆ ನನಗೆ ಕೈ ತಾನಾಗೇ ಓಡುತ್ತೆ ನೋಡು" ಎಂದು ಒಂದು ಎಳೆ ಎಳೆದಳು. ಆಮೇಲೆ ತಲೆಯೆತ್ತಿ, "ಲೇ ಕಡ್ಡಿ, ಆ ಕೋಲು ನನ್ನ ತಲೆ ಮೇಲೆ ಹಾಕೀಯೆ!"

ತೆರೆದ ಬಾಯಿ ಮುಚ್ಚಿಕೊಂಡಿತು.

ಸ್ವೆಟರಿನ ತೋಳು ಬಿಚ್ಚಿತು. ಅಜ್ಜಿ ದಣಿವಾರಿಸಿಕೊಳ್ಳುವಾಗ ಚಿನ್ನು ಮತ್ತೆ ಗುಂಡಿ ಒತ್ತಿ, ಲೆನ್ಸಿಗೆ ಬಿಸಿಲು ಹೊಡೆಯಬಾರದೆಂದು ಮೇಷ್ಟ್ರು ಹೇಳಿದ್ದಂತೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿದಳು. ಚುಕ್ಕೆ ಹೊತ್ತಿಕೊಂಡು ಕಡ್ಡಿಯನ್ನೇ ನೋಡಿತು. ಹೇಳಬೇಕು, ಈಗ ಹೇಳಿದರೂ ಬೆನ್ನು ಎದೆ ಉಳಿಯುತ್ತದೆ ಎಂದುಕೊಂಡಳು. ಚಿನ್ನು ಅಜ್ಜಿಯ ಕೈಗೆ ನೀರು ಕೊಟ್ಟು, ಕೆನ್ನೆಗೆ ಕೆನ್ನೆ ಒತ್ತಿ ಏನೋ ಪಿಸುಗುಟ್ಟಿದಳು. ಕಿವಿಗೆ ಹೆಡ್‌ಫೋನ್ ಇದ್ದ ಕಡ್ಡಿಗೆ ಆ ಪಿಸುಮಾತೂ ಸ್ಪಷ್ಟವಾಗಿ ಕೇಳಿತು: "ಅಜ್ಜಿ, ಈ ಉಣ್ಣೇಲಿ ನನಗೇ ಏನಾದ್ರೂ ಹೆಣೀಬೇಕು." ಅಜ್ಜಿ, "ಆಯ್ತು ನನ್ನ ಬಂಗಾರ" ಅಂದಳು.

ಕಡ್ಡಿ ತಲೆ ತಗ್ಗಿಸಿ ಮೈಕಿನ ತಂತಿ ಸರಿಮಾಡತೊಡಗಿದಳು. ಚಿನ್ನು ಒತ್ತಿದಾಗ ಚುಕ್ಕೆ ಮತ್ತೆ ಆರಿತು; ಬೆನ್ನೂ ಬಿಚ್ಚಿತು, ನಡುವೆ ಇನ್ನೊಮ್ಮೆ ದಣಿವಾರಿಸಿಕೊಂಡು ಎದೆಯೂ ಬಿಚ್ಚಿತು.

ಮರುದಿನ ಸಂಕಲನದ ಕೋಣೆಯಲ್ಲಿ ಮೇಷ್ಟ್ರು ಪಕ್ಕದಲ್ಲೇ ಕೂತರು. ಪರದೆಯ ಮೇಲೆ ಸ್ವೆಟರ್ ಬಿಚ್ಚುವ ಅಜ್ಜಿ ಎಲ್ಲೂ ಇಲ್ಲ. ಒಂದಿಷ್ಟು ನೆಲ, ಗೋಡೆ, ಸುಮ್ಮನೆ ಕೂತ ಅಜ್ಜಿ. ಆಮೇಲೆ ಕಡ್ಡಿಯ ಮುಖ. ಕಣ್ಣು ನೇರ ಚುಕ್ಕೆಯತ್ತ, ಅಲ್ಲಿಂದ ಮೆಲ್ಲಗೆ ಪಕ್ಕಕ್ಕೆ, ಚಿನ್ನುವಿನತ್ತ. ಮತ್ತೆ ಚುಕ್ಕೆಗೆ. ತುಟಿ ಅಲುಗಿ, ಬಿಗಿಯುತ್ತದೆ. ಮುಂದಿನ ತುಣುಕಿನಲ್ಲೂ ಅದೇ ಮುಖ, ಇನ್ನಷ್ಟು ಗಂಟಿಕ್ಕಿಕೊಂಡು.

ಚಿನ್ನು ಬಿಳಿಚಿಕೊಂಡಳು. ಕಡ್ಡಿಗೆ ನೆಲ ಬಾಯಿಬಿಟ್ಟರೆ ಸಾಕಿತ್ತು.

"ಕೆಲಸ ಎಲ್ರಮ್ಮಾ?" ಎಂದರು ಮೇಷ್ಟ್ರು. ಆಮೇಲೆ ಏನು ತೋಚಿತೋ, ಕಡ್ಡಿ ಹಿಡಿದಿದ್ದ ಧ್ವನಿಯನ್ನು ಆ ಮುಖದ ಕೆಳಗೆ ಸೇರಿಸಿ ಓಡಿಸಿದರು. ಧ್ವನಿ ಒಂದು ಚೂರೂ ತಪ್ಪದೆ ಬಂದಿತ್ತು. ಉಣ್ಣೆ ಟರ್ರೆಂದು ಬಿಚ್ಚಿಕೊಳ್ಳುವುದು, ಅಜ್ಜಿಯ ಉಸಿರು, ಕೊನೆಗೆ "ನನ್ನ ಬಂಗಾರ". ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಬಿಚ್ಚೋದನ್ನ ತೋರಿಸದೆ, ನೋಡೋಳ ಮುಖ ತೋರಿಸಿದ್ದೀರ! ಈ ಹುಡುಗಿ ಒಳಗೇ ಬಿಚ್ಚಿಹೋಗ್ತಿದ್ದಾಳೆ. ಹೀಗೆ ನಟಿಸೋಕೆ ಯಾರು ಹೇಳ್ಕೊಟ್ರು?"

ಚಿನ್ನು ಕಡ್ಡಿಯತ್ತ ತಿರುಗಿದಳು. ಎಲ್ಲ ಗೊತ್ತಾಗಿದೆ ಎಂದು ಆ ನೋಟವೇ ಹೇಳಿತು.

"ನಾನೇ ಸಾರ್" ಎಂದಳು ಚಿನ್ನು.

ಅಲ್ಲ ಎನ್ನಬೇಕಿದ್ದರೆ ಕಡ್ಡಿ ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ. ದೊಡ್ಡ ಚಿತ್ರದ ಕ್ಯಾಮೆರಾ ಚಿನ್ನುವಿನ ಪಾಲಾಯಿತು.

ಹೊರಗೆ ಮೆಟ್ಟಿಲ ಬಳಿ ಕಡ್ಡಿ ಅವಳನ್ನು ತಡೆದಳು. "ಯಾಕೆ ಹಾಗಂದೆ?"

"ಮತ್ತೇನನ್ಲಿ? ನಮ್ಮಕ್ಕ ನನ್ನ ಮುಳುಗಿಸೋಕೆ ನೋಡಿದ್ಲು ಅನ್ಲಾ?"

"ನಿಜ ಹೇಳ್ಬೇಕಿತ್ತು."

"ನೀನೂ ಹೇಳ್ಬೇಕಿತ್ತು ಅಲ್ವಾ ಅಕ್ಕಾ?"

ಮನೆಯಲ್ಲಿ ಅಜ್ಜಿ ಚಿತ್ರವನ್ನು ಕನ್ನಡಕ ಒರೆಸಿಕೊಂಡು ನೋಡಿದಳು. "ಇದು ನಟನೆ ಅಂತೆ! ಚಿನ್ನುಗೆ ಗೊಂಬೆ ತಂದುಕೊಟ್ಟ ದಿನವೂ ಇವಳದು ಇದೇ ಮುಖ" ಎಂದು ನಕ್ಕು, ಉಂಡೆಯತ್ತ ಕೈಚಾಚಿದಳು. ಕಡ್ಡಿಗೆ ಹೊಗಳಿಕೆಯೂ ಉರಿ, ನಗುವೂ ಉರಿ. ತನ್ನ ಹೊಟ್ಟೆಕಿಚ್ಚು ಕೂಡ ಚಿನ್ನುವಿನ ಚಿತ್ರವಾಗಿಹೋಯಿತಲ್ಲ!

ದೊಡ್ಡ ಚಿತ್ರ ಒಂದು ಬೇಕರಿಯ ಹಿಂದಿನ ಕೋಣೆಯಲ್ಲಿ ಶುರುವಾಯಿತು. ಧ್ವನಿಗೆ ಕಡ್ಡಿಯೇ ಬೇಕೆಂದು ಚಿನ್ನು ಹಟ ಹಿಡಿದಿದ್ದಳು. ಹಿಟ್ಟು ನಾದುವವನು ತೋಳು ಮಡಚಿ ನಿಂತ. ಚಿನ್ನು ಗುಂಡಿ ಒತ್ತಿದಳು. ಪರದೆ ನೋಡಲಿಲ್ಲ. ಕ್ಯಾಮೆರಾದ ಮೇಲಿಂದ ಕಡ್ಡಿಯನ್ನು ನೋಡಿ, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅಕ್ಕಾ, ಕೆಂಪು?"

ಎಲ್ಲರೂ ಕಾದರು. ಇದು ನಂಬಿಕೆಯೋ ಶಿಕ್ಷೆಯೋ ಕಡ್ಡಿಗೆ ತಿಳಿಯಲಿಲ್ಲ. ಚುಕ್ಕೆ ನೋಡಿದಳು. ಆರಿತ್ತು.

"ಇಲ್ಲ. ಇನ್ನೊಂದ್ಸಲ ಒತ್ತು" ಎಂದಳು.