ಅರವತ್ತೊಂದನೇ ಪುಟದ ಚುಕ್ಕೆಗಳು

ಅಕ್ಟೋಬರ್ ತಿಂಗಳ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸಿರಿಲ್ ಹೆಪ್‌ವರ್ತ್ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಆಗಷ್ಟೇ ಆರಿಸಿಕೊಂಡ ಪತ್ತೇದಾರಿ ಕಾದಂಬರಿಯ ಅರವತ್ತೊಂದನೇ ಪುಟ ತೆರೆದ. ಪುಟಸಂಖ್ಯೆಯ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಬೇಕಿತ್ತು. ಅಲ್ಲಿ ಆಗಲೇ ಮೂರು ಚುಕ್ಕೆಗಳಿದ್ದವು.

ಇಂಗ್ಲೆಂಡಿನ ಲೌತ್ ಪಟ್ಟಣದ ಹಳೆಯ ಓದುಗರಿಗೆಲ್ಲ ಇಂಥದೊಂದು ಗುರುತು ಇದೆ. ಪತ್ತೇದಾರಿ ಪುಸ್ತಕಗಳ ಹೆಸರು, ರಟ್ಟು ಎಲ್ಲ ಒಂದೇ ಥರ. ಓದಿದ್ದನ್ನೇ ಮತ್ತೆ ಮನೆಗೆ ಹೊತ್ತುಕೊಂಡು ಹೋಗಬಾರದಲ್ಲ. ಪಾದ್ರಿಯ ಹೆಂಡತಿ ಮೂವತ್ತಮೂರನೇ ಪುಟಕ್ಕೆ ಸುತ್ತು ಹಾಕುತ್ತಾಳೆ. ಮೂವತ್ತೆಂಟು ವರ್ಷ ರೈಲ್ವೆ ವೇಳಾಪಟ್ಟಿ ಬರೆದು ನಿವೃತ್ತನಾದ ಸಿರಿಲ್‌ನದು ಅರವತ್ತೊಂದರ ಚುಕ್ಕೆ.

"ಯಾರೋ ನನ್ನ ಗುರುತು ಕದ್ದಿದ್ದಾರೆ," ಎಂದ, ಗ್ರಂಥಪಾಲಕಿ ಮಿಸ್ ಪ್ರಿಂಗಲ್‌ಗೆ ಪುಟ ತೋರಿಸುತ್ತ.

"ಚುಕ್ಕೆ ಯಾರು ಕದೀತಾರೆ, ಹೆಪ್‌ವರ್ತ್ ಅವರೇ?"

"ಅದನ್ನೇ ಪತ್ತೆ ಮಾಡ್ಬೇಕು. ಮೊದಲನೇ ಅನುಮಾನ ನಿಮ್ಮ ಮೇಲೇ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇಂದು ನಗಲಿಲ್ಲ.

ಇಬ್ಬರ ನಡುವೆ ಹನ್ನೊಂದು ವರ್ಷದ ಆಟವೊಂದಿತ್ತು. ಪತ್ತೇದಾರ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮಾತು ಶುರುಮಾಡುವ ಅಧ್ಯಾಯಕ್ಕೆ ಬಂದೊಡನೆ ಸಿರಿಲ್ ಪುಸ್ತಕ ಮುಚ್ಚುತ್ತಿದ್ದ. ಕೊಲೆಗಾರನ ಹೆಸರನ್ನು ಚೀಟಿಯಲ್ಲಿ ಬರೆದು, ಮಡಿಚಿ ಅವಳಿಗೆ ಕೊಟ್ಟ ಮೇಲೇ ಕೊನೆಯ ಅಧ್ಯಾಯ ಓದುವುದು. ತಪ್ಪಿದ್ದು ಒಂಬತ್ತೇ ಸಲ. ಸೋತಾಗ ಅವನು ವಾದಕ್ಕಿಳಿಯುತ್ತಿದ್ದ: ಕೊಲೆಗಾರ ಮೊದಲ ಅಧ್ಯಾಯಗಳಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರ ಕಂಡದ್ದೆಲ್ಲ ಓದುಗನಿಗೂ ಕಂಡಿರಬೇಕು, ಕೊನೆಗೆ ಹೊರಗಿನವನನ್ನು ತಂದು ನಿಲ್ಲಿಸಿದರೆ ಅದು ಮೋಸ.

ಚೀಟಿಗಳೆಲ್ಲ ಅವಳ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು.

"ಡಬ್ಬಿ ತೆಗೀರಿ."

"ಬೇರೆ ಪುಸ್ತಕ ಕೊಡ್ತೀನಿ, ಬಿಡಿ."

"ತೆಗೀರಿ, ಮಿಸ್ ಪ್ರಿಂಗಲ್."

ಆ ಪುಸ್ತಕದ ಹೆಸರಿನಲ್ಲಿ ಮೂರು ಚೀಟಿ ಸಿಕ್ಕವು, ಮೂರೂ ಅವನದೇ ಅಕ್ಷರ. ಜನವರಿಯದರಲ್ಲಿ ಡಾಕ್ಟರ್ ಎಂದಿತ್ತು. ಅದು ಸರಿ ಎಂದು ಅವಳು ಗೀಟು ಎಳೆದಿದ್ದಳು. ಮೇ ತಿಂಗಳಿನದರಲ್ಲಿ ಸೋದರಳಿಯ. ಆಗಸ್ಟಿನದರಲ್ಲಿ ಟಿಪ್ಪೆಟ್. ಟಿಪ್ಪೆಟ್ ಎಂಬಾತ ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅವನು ಸಿರಿಲ್‌ನ ರೈಲ್ವೆ ಕಚೇರಿಯ ಮೇಲಧಿಕಾರಿ, ಸತ್ತು ಇಪ್ಪತ್ತು ವರ್ಷವಾಗಿತ್ತು.

"ನಿಮಗೆ ಗೊತ್ತಿತ್ತು," ಎಂದ.

"ನಿಮ್ಮ ಮನೆಯವರು ಬಂದು ಹೇಳಿದ್ರು. ಓದ್ಲಿ ಬಿಡಿ, ಓದೋವಾಗ ಖುಷಿಯಾಗಿರ್ತಾನೆ ಅಂದ್ರು."

ಮನೆಯ ದಾರಿಯುದ್ದಕ್ಕೂ ಅವನು ಸುಳಿವುಗಳನ್ನು ಜೋಡಿಸಿದ. ಕೋಟಿನ ಒಳಬದಿಗೆ ಹೆಂಡತಿ ಹಿಲ್ಡಾ ಹೊಲಿದಿದ್ದ ಮನೆಯ ವಿಳಾಸ. ಅವಳು ಹೊರಗೆ ಹೋಗುವಾಗ ಮರೆಯದೆ ಬಂದ್ ಮಾಡುವ ಗ್ಯಾಸ್ ಕೊಳವೆಯ ದೊಡ್ಡ ತಿರುಪು. 'ಇವತ್ತು ಸೋಮವಾರ', 'ಇವತ್ತು ಮಂಗಳವಾರ' ಎಂದೇ ಶುರುವಾಗುವ ಬೆಳಗಿನ ಚಹಾ. ಯಾವುದನ್ನೂ ಯಾರೂ ಬಚ್ಚಿಟ್ಟಿರಲಿಲ್ಲ. ಎಲ್ಲವೂ ಅವನ ಕಣ್ಣೆದುರೇ ಇತ್ತು.

ಹಿಲ್ಡಾ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಅವನು ಕೋಟನ್ನೂ ಬಿಚ್ಚದೆ ಎದುರಿಗೆ ಕೂತ.

"ಎಷ್ಟು ದಿನದಿಂದ, ಹಿಲ್ಡಾ?"

ಅವಳಿಗೆ ಪ್ರಶ್ನೆ ಅರ್ಥವಾಯಿತು. "ಹೋದ ಕ್ರಿಸ್‌ಮಸ್‌ನಿಂದ. ನೀನು ಪುಡ್ಡಿಂಗ್ ತಿಂದು ಮುಗಿಸಿ, ಪುಡ್ಡಿಂಗ್ ಎಲ್ಲಿ ಅಂತ ಕೇಳ್ದೆ. ಹೊಟ್ಟೆಬಾಕ ಅಂತ ಬೈದೆ ನಾನು."

"ನನಗ್ಯಾಕೆ ಹೇಳ್ಲಿಲ್ಲ?"

ಅವಳು ಚಾಕು ಕೆಳಗಿಟ್ಟಳು. "ನಾಲ್ಕು ಸಲ ಹೇಳಿದೀನಿ, ಸಿರಿಲ್. ನಾಲ್ಕು ಸಲಾನೂ ನೀನು ಹೀಗೇ ಕೋಟು ಹಾಕ್ಕೊಂಡು ಕೂತು, ಇದನ್ನೇ ಕೇಳಿದೀಯ."

ಕಾದಂಬರಿಗಳಲ್ಲಿ ಹೆಸರು ಹೊರಬಿದ್ದ ಮೇಲೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಸಿರಿಲ್ ತನ್ನ ಕೈಗಳನ್ನೇ ನೋಡುತ್ತ ಕೂತ. ಬಿಡಿಸಿದ ಒಗಟು ನಾಳೆಗೆ ಉಳಿಯುವುದಿಲ್ಲ. ಮರೆತ ನೋವನ್ನು ಮಾತ್ರ ಮತ್ತೆ ಮೊದಲಿನಿಂದ ಉಣ್ಣಬೇಕು.

"ಇನ್ನೊಂದು ಸಲ ಹೇಳ್ಬೇಡ," ಎಂದ.

"ಆಯ್ತು."

ಗುರುವಾರ ಹತ್ತು ನಲವತ್ತರ ಬಸ್ಸಿಗೆ ಅವರಿಬ್ಬರೂ ಲಿಂಕನ್ ನಗರದ ಆಸ್ಪತ್ರೆಗೆ, ಮರೆವಿನ ಡಾಕ್ಟರ ಬಳಿ ಹೋಗುತ್ತಾರೆ. ಹೊಟ್ಟೆನೋವು ತನಗೆ ಎಂದು ಹಿಲ್ಡಾ ಅವನಿಗೆ ಹೇಳಲಿದ್ದಾಳೆ.