ಹೆಸರಿನ ಲೋಟ

ಮದುವೆಗೆ ಕೊಟ್ಟ ಪಾತ್ರೆಗಳೆಲ್ಲ ಅಡಿಗೆಮನೆ ಸೇರುವುದಿಲ್ಲ. ಇದು ನಿಮಗೆ ಗೊತ್ತು. ಕೆಲವು ಅಟ್ಟ ಸೇರುತ್ತವೆ, ಕೆಲವು ಸುತ್ತಿದ ಕಾಗದ ಬದಲಾಯಿಸಿಕೊಂಡು ಇನ್ನೊಂದು ಮದುವೆಗೆ ಹೋಗುತ್ತವೆ. ಮೂರನೆಯ ಜಾಗವೂ ಒಂದಿದೆ. ಅದೂ ನಿಮಗೆ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೆ.

ಆಶಾರಾಣಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು. ಬೇಲೂರಿನಿಂದ ದಿನಾ ಬಸ್ಸು ಹತ್ತಿ ಹಳೇಬೀಡಿನ ಆಚೆಗಿನ ಹಳ್ಳಿಯೊಂದಕ್ಕೆ ಹೋಗಿ ಹನ್ನೊಂದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಶಾಲೆಯಲ್ಲಿ ಎಲ್ಲರೂ ಅವರವರ ಬುತ್ತಿ ಬಿಚ್ಚಿ ಅವರವರ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಹಾಗಾಗಿ ಹನ್ನೊಂದು ವರ್ಷದಲ್ಲಿ ಯಾರ ಮನಸ್ಸೂ ಪರೀಕ್ಷೆಗೆ ಕೂರಲಿಲ್ಲ. ಕಾಲ ಬದಲಾಗಿದೆ ಎಂದು ಅವಳು ನಂಬಿಕೊಂಡಳು.

1998ರ ಬೇಸಿಗೆಯಲ್ಲಿ ಹೆಡ್‌ಮೇಷ್ಟ್ರು ಜಯದೇವಪ್ಪನವರ ಮಗಳು ಸುಮಂಗಲೆಯ ಮದುವೆ ಗೊತ್ತಾಯಿತು. ಹಿಂದಿನ ವರ್ಷ ಅವರ ಅಣ್ಣನ ಮಗನ ಮದುವೆಗೆ ಹದಿನಾಲ್ಕು ಗೋಡೆ ಗಡಿಯಾರ ಬಂದಿದ್ದವಂತೆ. ಈ ಸಲ ಹಾಗಾಗಬಾರದೆಂದು ಅವರು ಒಂದು ಪಟ್ಟಿ ಬರೆದು ತಂದರು. ಕುಕ್ಕರ್, ಮಿಕ್ಸಿ, ಇಡ್ಲಿ ಪಾತ್ರೆ, ದೋಸೆ ಕಾವಲಿ, ಕಾಫಿ ಫಿಲ್ಟರ್, ಹಾಟ್‌ಬಾಕ್ಸ್. ಕೊನೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಒಂದೇ ಒಂದು ಗಡಿಯಾರ.

"ಯಾರು ಯಾವ್ದು ಕೊಡ್ತೀರೋ ಮುಂದೆ ಹೆಸರು ಬರ್ಕೊಳ್ಳಿ. ಸಂಕೋಚ ಬೇಡ" ಎಂದರು.

ಆಶಾರಾಣಿ ಮೊದಲೇ ಯೋಚಿಸಿಟ್ಟಿದ್ದಳು. "ಇಡ್ಲಿ ಪಾತ್ರೆ ನಂದು ಸಾರ್."

"ಅದು ಹೋಯ್ತಲ್ಲ ಮೇಡಂ."

"ಹಂಗಾದ್ರೆ ದೋಸೆ ಕಾವಲಿ?"

"ಅದೂ ನಮ್ಮ ಭಾವ ಕೊಡ್ತಾರಂತೆ."

"ಫಿಲ್ಟರ್?"

"ನೀವು ಗಡಿಯಾರ ಕೊಡಿ ಮೇಡಂ. ಗೋಡೆ ಮೇಲಿದ್ರೆ ಎಲ್ರಿಗೂ ಕಾಣ್ತದೆ."

ಪಟ್ಟಿಯಲ್ಲಿ ಆಗಿನ್ನೂ ಒಂದು ಹೆಸರೂ ಬಿದ್ದಿರಲಿಲ್ಲ. ಅವಳ ಕಣ್ಣೆದುರಿಗೇ ಹೆಸರು ಬರೆಯುವ ಜಾಗವೆಲ್ಲ ಖಾಲಿ ಇತ್ತು. ಬೇರೆಯವರ ಬರಹ ತಿದ್ದುವ ಟೀಚರಮ್ಮ ತನ್ನೆದುರಿನ ಖಾಲಿ ಜಾಗವನ್ನು ಓದಲಿಲ್ಲ. ಓದಲಾರದೆ ಅಲ್ಲ, ಓದಿದರೆ ನಾಳೆಯಿಂದ ಅದೇ ಕುರ್ಚಿಯಲ್ಲಿ ಕೂರುವುದು ಕಷ್ಟವಿತ್ತು.

ಅಪ್ಪನಿಗೆ ಬುತ್ತಿ ತಂದಿದ್ದ ಸುಮಂಗಲೆ ಆ ಹೊತ್ತಿಗೆ ಒಳಗೆ ಬಂದಳು. ನಾಲ್ಕನೆಯ ತರಗತಿಯಲ್ಲಿ ಆಶಾರಾಣಿಯ ಕೈಯಲ್ಲೇ ಮಗ್ಗಿ ಕಲಿತವಳು. "ಗಡಿಯಾರ ಬೇಡ ಮಿಸ್! ಲೋಟ ಕೊಡಿ. ದಿನಾ ಕಾಫಿ ಕುಡಿಯೋವಾಗ ನಿಮ್ಮನ್ನ ನೆನೀತೀನಿ" ಎಂದು ಪೆನ್ಸಿಲ್ ತೆಗೆದುಕೊಂಡು ಪಟ್ಟಿಯ ಅಡಿಯಲ್ಲಿ ತಾನೇ ಬರೆದಳು: ಸ್ಟೀಲ್ ಲೋಟ ಆರು, ಆಶಾ ಮಿಸ್. ಜಯದೇವಪ್ಪನವರಿಗೆ ಕೆಮ್ಮು ಬಂತು.

ಮನೆಯಲ್ಲಿ ಆಶಾರಾಣಿ ಇದನ್ನು ಗೆದ್ದು ಬಂದವಳಂತೆ ಹೇಳಿದಳು. ಅತ್ತೆ ಮುದ್ದಮ್ಮ ಸೊಪ್ಪು ಸೋಸುತ್ತಾ ಕೇಳಿಸಿಕೊಂಡರು. ಅವರು ಪ್ರಾಯದಲ್ಲಿ ಗದ್ದೆ ಒಡೆಯರ ಹಿತ್ತಲಲ್ಲಿ ಬೊಗಸೆ ಒಡ್ಡಿ, ಮೇಲಿಂದ ಹುಯ್ದ ನೀರು ಕುಡಿದವರು. ಅತ್ತೆಯ ಆ ಬೊಗಸೆಗೆ ಉತ್ತರವಾಗಿ ತನ್ನ ಕೈಯ ಪಾತ್ರೆಯೊಂದು ಅಂಥವರ ಅಡಿಗೆಮನೆಯ ಒಳಗೆ ಹೋಗಬೇಕು, ಅದಕ್ಕೆ ಅವರ ತುಟಿ ತಾಗಬೇಕು. ಆಶಾರಾಣಿಗೆ ಬೇಕಿದ್ದದ್ದು ಅಷ್ಟೇ.

"ಹೆಸ್ರು ಹಾಕುಸ್ತೀಯೇನವ್ವ?" ಮುದ್ದಮ್ಮ ಕೇಳಿದರು.

"ಹೂಂ ಅತ್ತೆ. ಎಲ್ರೂ ಹಾಕಿಸ್ತಾರೆ. ಕೊಟ್ಟೋರ ನೆನಪಿರ್ಲಿ ಅಂತ."

"ಬ್ಯಾಡ ಕಣವ್ವ. ಕುರಿ ಕಿವಿಗೆ ಗುರ್ತು ಹಾಕ್ದಂಗೆ. ಗುರ್ತಿದ್ರೆ ಬ್ಯಾರೆ ಮಾಡಾಕೆ ಸಲೀಸು."

"ಕಾಲ ಬದಲಾಗಿದೆ ಅತ್ತೆ."

"ಆಗ್ಲಿ. ನೀನು ಅವ್ರ ಅಡಿಗೆಮನೆ ಕಂಡಿದ್ದೀಯಾ?"

ಕಂಬ ಹತ್ತಿ ಊರಿಗೆಲ್ಲ ಕರೆಂಟು ಕೊಡುವ ಗಂಡ ಭೀಮರಾಜ್ ಅಂಗಿ ಬಿಚ್ಚುತ್ತಾ ನಕ್ಕ. "ನನ್ನ ಹೆಸ್ರೂ ಹಾಕ್ಸು ಕಣೇ. ನಾನೂ ಒಂದ್ಸಲ ಅವ್ರ ಅಡಿಗೆಮನೆ ನೋಡ್ದಂಗಾಯ್ತದೆ."

ಬೇಲೂರಿನ ಪಾತ್ರೆ ಅಂಗಡಿಯಲ್ಲಿ ಅವಳು ಒಂದೊಂದು ಲೋಟವನ್ನೂ ಬೆರಳಲ್ಲಿ ತಟ್ಟಿ ನೋಡಿದಳು. ಅಂಚು ಮಡಿಚಿದ್ದು, ತಳ ದಪ್ಪಗಿದ್ದದ್ದು, ಬಿಸಿ ಕಾಫಿ ಹಿಡಿದರೆ ಕೈ ಸುಡದಂಥದ್ದು. ಹೆಸರು ಕೊರೆಯುವವನು ಮಿಷನ್ ಹಿಡಿದು, "ಬುಡಕ್ಕೆ ಹಾಕ್ಲಾ ಅಕ್ಕಾ?" ಎಂದಾಗ, "ಬೇಡಪ್ಪ, ಹೊಟ್ಟೆ ಮೇಲೆ ಹಾಕು. ದೊಡ್ಡಕ್ಷರ" ಎಂದಳು. ಆರು ಲೋಟದ ಮೇಲೂ ಆಶಾರಾಣಿ ಎಂದು ಬಿತ್ತು.

ಮದುವೆಯಲ್ಲಿ ಲೋಟ ಕೊಟ್ಟಳು, ಫೋಟೋಗೆ ನಿಂತಳು, ಉಂಡು ಬಂದಳು. ಸುಮಂಗಲೆ ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರದ ಮನೆ ಸೇರಿದಳು.

ಒಂದು ವರ್ಷದ ಮೇಲೆ ಆಶಾರಾಣಿಗೆ ಅರಸೀಕೆರೆಯಲ್ಲಿ ಎರಡು ದಿನದ ತರಬೇತಿ ಬಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಕೇಜಿ ದ್ರಾಕ್ಷಿ ಕಟ್ಟಿಸಿಕೊಂಡು ಆ ಮನೆ ಹುಡುಕಿ ಹೋದಳು. ಬಾಗಿಲಲ್ಲೇ ಸುಮಂಗಲೆ ಕೈ ಹಿಡಿದುಕೊಂಡಳು. "ಮಿಸ್! ಬನ್ನಿ ಬನ್ನಿ. ಒಳಗೆ ಸೆಕೆ ಕಣ್ರೀ, ಹಿತ್ತಲ ಜಗಲಿ ತಂಪಾಗಿದೆ" ಎಂದು ಮನೆಯ ಪಕ್ಕದ ಓಣಿಯಿಂದಲೇ ಹಿಂದಕ್ಕೆ ಕರೆದುಕೊಂಡು ಹೋದಳು. ಹಿತ್ತಲಲ್ಲಿ ಕಾಯಿ ರಾಶಿಯ ಪಕ್ಕ ದ್ಯಾವಯ್ಯ ಎಂಬ ಮುದುಕ ಸಿಪ್ಪೆ ಸುಲಿಯುತ್ತಿದ್ದ.

ಕಾಫಿ ಬಂತು. ಲೋಟದ ಹೊಟ್ಟೆಯ ಮೇಲೆ ತನ್ನ ಹೆಸರು ಕಂಡು ಆಶಾರಾಣಿಯ ಎದೆ ಹಿಗ್ಗಿತು. ಇದನ್ನು ಅತ್ತೆಗೆ ಹೇಳಬೇಕು ಎಂದುಕೊಂಡಳು. ಒಂದು ಗುಟುಕು ಇಳಿಯುವಷ್ಟು ಹೊತ್ತು ಅವಳು ಗೆದ್ದಿದ್ದಳು.

ಒಳಗಿನಿಂದ ಸುಮಂಗಲೆಯ ಅತ್ತೆಯ ದನಿ ಬಂತು. "ಸುಮಂಗಲಾ, ಹೆಸರಿನ ಲೋಟದಲ್ಲೇ ಕೊಟ್ಟೆ ತಾನೆ?"

"ಹೂಂ ಅತ್ತೆ" ಎಂದ ಸುಮಂಗಲೆ ಇತ್ತ ತಿರುಗಿ ಮುಗ್ಧವಾಗಿ ನಕ್ಕಳು. "ನೀವು ಕೊಟ್ಟಿದ್ದು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ ಮಿಸ್! ಆಳುಕಾಳಿಗೆ ದಿನಾ ಬೇಕಾಗ್ತದೆ. ದೊಡ್ಡದಾಗಿ ಹೆಸರಿರೋದ್ರಿಂದ ಒಳಗಿನ ಲೋಟದ ಜೊತೆ ಬೆರೆಯೋದೇ ಇಲ್ಲ." ಅಷ್ಟು ಹೇಳಿ ದ್ರಾಕ್ಷಿ ಇಡಲು ಒಳಗೆ ಹೋದಳು. ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯದೆ ಇರುವಂತೆ ಮಕ್ಕಳನ್ನು ಬೆಳೆಸುವುದಕ್ಕೂ ಬಹಳ ಶ್ರದ್ಧೆ ಬೇಕು. ಆ ಶ್ರದ್ಧೆ ನಮ್ಮಲ್ಲಿದೆ.

ಆಶಾರಾಣಿ ತಲೆ ಎತ್ತಿದಳು. ಹಿತ್ತಲ ಗೋಡೆಯ ಮೇಲೆ ಬಿಸಿಲಿನಲ್ಲಿ ನಾಲ್ಕು ಲೋಟ ಬೋರಲು ಬಿದ್ದಿದ್ದವು. ಐದನೆಯದು ದ್ಯಾವಯ್ಯನ ಕೈಯಲ್ಲಿತ್ತು. ಆರನೆಯದು ಅವಳ ಕೈಯಲ್ಲಿ.

ದ್ಯಾವಯ್ಯ ಕಾಫಿ ಮುಗಿಸಿ ಹತ್ತಿರ ಬಂದ. "ಅವ್ವಾ, ನೀವು ಓದ್ದೋರಂಗೆ ಕಾಣ್ತೀರಿ. ಇದ್ರ ಮ್ಯಾಲೆ ಏನೋ ಬರ್ದೈತೆ ನೋಡಿ. ವರ್ಸದಿಂದ ಕುಡೀತಿವ್ನಿ, ಏನಂತ ಯಾರೂ ಹೇಳ್ನಿಲ್ಲ."

ಅವಳು ಓದಿದಳು. "ಆಶಾರಾಣಿ."

"ಯಾರವ್ವ ಅದು?"

"ಗೊತ್ತಿಲ್ಲಪ್ಪ."

"ಯಾರೋ ನಮ್ಮೋರೇ ಇರ್ಬೇಕು" ಎಂದ ಮುದುಕ ತನ್ನ ಲೋಟ ತೊಳೆದು ಗೋಡೆಯ ಮೇಲೆ ಬೋರಲು ಹಾಕಿದ. ತೊಟ್ಟಿಯಿಂದ ಇನ್ನೊಂದು ಚೊಂಬು ನೀರು ಎತ್ತಿ, ತೊಳೆದುಕೊಳ್ಳಲಿ ಎಂದು ಅವಳ ಕಡೆಗೂ ಹಿಡಿದ. ಆಶಾರಾಣಿ ತೊಳೆದಳು. ಹನ್ನೆರಡು ವರ್ಷ ಪಾಠ ಹೇಳಿದ ಕೈ, ತನ್ನ ಹೆಸರಿನ ಮೇಲೆ ಬೆರಳಾಡಿಸಿ ತೊಳೆದು, ಆ ಐದರ ಪಕ್ಕ ಆರನೆಯದನ್ನು ಬೋರಲು ಹಾಕಿತು. ಸುಮಂಗಲೆ ಹೊರಗೆ ಬಂದಾಗ, "ಬರ್ತೀನಮ್ಮ, ಚೆನ್ನಾಗಿರು" ಎಂದಳು.

ಆ ಸಂಜೆ ಬೇಲೂರಿಗೆ ಮರಳಿ, ಸುಮಂಗಲೆಯ ಮನೆಗೆ ಹೋಗಿದ್ದನ್ನು ಹೇಳಿದಾಗ ಮುದ್ದಮ್ಮ ಕೇಳಿದರು. "ಲೋಟ ಒಳ್ಗಡೆ ಇತ್ತೇನವ್ವ?"

"ಒಳಗೇ ಇತ್ತು ಅತ್ತೆ."

ಮುದ್ದಮ್ಮ ಸೊಸೆಯ ಮುಖ ನೋಡಿದರು.

ನೀವು ಮರುಗುತ್ತಿರಬಹುದು. ಮರುಕ ಯಾರಿಗೂ ಬೇಕಾಗಿಲ್ಲ. ಎದ್ದು ನಿಮ್ಮ ಹಿತ್ತಲಿಗೆ ಹೋಗಿ. ಗೋಡೆಯ ಮೇಲೋ ಬಚ್ಚಲ ಕಿಟಕಿಯಲ್ಲೋ ಬೋರಲು ಬಿದ್ದಿರುವ ಲೋಟವನ್ನು ಕೈಗೆತ್ತಿಕೊಂಡು ಅದರ ಮೇಲಿನ ಹೆಸರು ಓದಿ. ಒಳಗೆ ತನ್ನಿ. ಈ ಹೊತ್ತಿನ ಕಾಫಿಯನ್ನು ಅದರಲ್ಲೇ ಬಗ್ಗಿಸಿಕೊಂಡು, ಮನೆಯವರೆಲ್ಲರ ಎದುರಿಗೆ, ತುಟಿ ತಾಗಿಸಿ ಕುಡಿಯಿರಿ.