ಅಕ್ಕನ ಪಾಲಿನ ಎಳ್ಳುಂಡೆ

ನಾನು ಚಿಕ್ಕವನಿದ್ದಾಗ ದಿನಕ್ಕೊಂದು ಎಳ್ಳುಂಡೆ ಕಸಿದು ತಿನ್ನುತ್ತಿದ್ದೆ, ಮಕ್ಕಳೇ. ಅದು ನನ್ನ ಅಕ್ಕನ ಪಾಲಿನದು. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ನಾವು ತಿಕೋಟಾದಲ್ಲಿದ್ದೆವು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹನ್ನೆರಡು. ಆ ಮಳೆಗಾಲದಲ್ಲಿ ಅವಳಿಗೆ ವಿಷಮಜ್ವರ ಬಂದು ಹೋಯಿತು. ಸೊಂಟ ಮುಟ್ಟುತ್ತಿದ್ದ ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ವಿಜಾಪುರದ ಡಾಕ್ಟರು, "ಎಣ್ಣಿ ಎಷ್ಟು ತಿಕ್ಕಿದ್ರೂ ಅಷ್ಟ. ಹೊಟ್ಟಿಗೆ ಚಲೋತ್ನಾಗಿ ಬಿದ್ರ ತಲಿಮ್ಯಾಲ ಬೆಳೀತೈತಿ" ಎಂದರು.

ಅವ್ವ ಎಳ್ಳು, ಶೇಂಗಾ ಹುರಿದು, ಬೆಲ್ಲ ಸೇರಿಸಿ ಒರಳಿನಲ್ಲಿ ಕುಟ್ಟಿ ಉಂಡೆ ಕಟ್ಟಿದಳು. ಮನೆಯೆಲ್ಲ ಘಮಘಮ. ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆಯೇ ಹೆಣ್ಣುಮಕ್ಕಳ ಊಟ. ಹಾಲಿನ ಕೆನೆ ಯಾವಾಗಲೂ ನನಗೇ. ಅಂಥದ್ದರಲ್ಲಿ ಉಂಡೆ ಅಕ್ಕನಿಗೆ ಮಾತ್ರ ಎಂದಾಗ ನನಗೆ ತಡೆಯಲಾಗಲಿಲ್ಲ.

ಶಾಲೆಗೆ ಹೊರಡುವಾಗ ಅವ್ವ ಅದನ್ನು ಅಕ್ಕನ ಕೈಗಿಡುತ್ತಿದ್ದಳು. ಬೇವಿನ ಮರದ ತಿರುವಿನಲ್ಲಿ ನಾನು ಕೈ ಚಾಚುತ್ತಿದ್ದೆ. "ಕೊಡಲಿಲ್ಲಂದ್ರ ಸಾಲ್ಯಾಗ ಎಲ್ಲಾರ ಮುಂದ ನಿನ್ನ ತಲಿಮ್ಯಾಲಿನ ಅರಬಿ ಎಳೀತೀನಿ ನೋಡು!" ಅಕ್ಕ ಒಂದು ಕೈಯಲ್ಲಿ ತಲೆಯ ಬಟ್ಟೆ ಬಿಗಿಹಿಡಿದು ಇನ್ನೊಂದು ಕೈಯಿಂದ ಉಂಡೆ ಕೊಡುತ್ತಿದ್ದಳು.

ಎರಡು ತಿಂಗಳಾದರೂ ಕೂದಲು ಬರಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದೊಯ್ದ. ಡಾಕ್ಟರು ಅಕ್ಕನ ತಲೆಯ ಬಟ್ಟೆ ಬಿಚ್ಚಿದರು. ಸರಿಯಾಗಿ ಹುಟ್ಟದ ಜೋಳದ ಹೊಲದ ಹಾಗೆ ಅಲ್ಲೊಂದು ಇಲ್ಲೊಂದು ಕೂದಲು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ಹುಬ್ಬು ಗಂಟಿಕ್ಕಿದರು.

"ಮೈಯಾಗ ರಗತಾನ ಇಲ್ಲಲ್ಲ. ಏನ್ ತಿನಸ್ತೀರಿ?"

"ದಿನಾ ಎಳ್ಳುಂಡಿ ಕೊಡ್ತೇವ್ರಿ. ಒಂದ ದಿನಾನೂ ತಪ್ಪಿಲ್ರಿ" ಎಂದ ಅಪ್ಪ.

"ತಿಂದೂ ಹಿಂಗದಾಳಂದ್ರ ಒಳಗ ಬ್ಯಾರೆ ಏನೋ ಐತಿ. ಮಿರಜದ ದೊಡ್ಡ ದವಾಖಾನಿಗೆ ಬರದು ಕೊಡ್ತೀನಿ. ಅಲ್ಲೇ ಇಟ್ಟಕೊಂಡು ಸೂಜಿ ಚುಚ್ಚಿ ನೋಡ್ತಾರ."

ಅಕ್ಕ ನನ್ನ ಕೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು. 'ನಾನು ತಿಂದೆ' ಎಂದರೆ ಮುಗಿಯುತ್ತಿತ್ತು. ಆದರೆ ಅಪ್ಪನ ಕೈ ಎಂಥದ್ದೆಂದು ನನಗೆ ಗೊತ್ತಿತ್ತು. ಡಾಕ್ಟರು ಪೆನ್ನು ತೆಗೆದರು. ನಾನು ನೆಲ ನೋಡುತ್ತ ನಿಂತೆ.

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. "ಯಪ್ಪಾ, ನಾ ತಿಂದಿಲ್ಲ. ಎಲ್ಲಾ ನಮ್ಮ ಮನ್ಯಾಗಿನ ಆಡಿಗೆ ಹಾಕೇನಿ."

ಅಪ್ಪ ಅಲ್ಲೇ ಅವಳ ಕೆನ್ನೆಗೆ ಬಾರಿಸಿದ. "ಕುಟ್ಟಿ ಕುಟ್ಟಿ ನಿಮ್ಮವ್ವನ ಅಂಗೈ ಬೊಬ್ಬಿ ಎದ್ದಾವು. ನೀ ಆಡಿಗೆ ಹಾಕ್ತೀ?"

"ಹೊಡೀಬ್ಯಾಡ್ರೀ!" ಡಾಕ್ಟರು ತಡೆದು ಪೆನ್ನು ಮುಚ್ಚಿದರು. "ಮಿರಜ ಬ್ಯಾಡ. ಇನ್ನಮ್ಯಾಲೆ ಎದುರಿಗೆ ಕುಂತು ತಿನಸ್ರಿ. ಏನ್ ತಂಗಿ, ಆ ಆಡಿನ ಮೈಮ್ಯಾಲರ ಕೂದಲಾ ಚಲೋ ಬಂದಾವೇನು?"

ಯಾರೂ ನಗಲಿಲ್ಲ.

ಮರುದಿನದಿಂದ ಅಕ್ಕನ ಊಟ ಎಲ್ಲರಿಗಿಂತ ಮೊದಲಾಯಿತು. ಉಂಡೆ, ಮೊಳಕೆ ಬಂದ ಮಡಕೆಕಾಳು, ನುಗ್ಗೆಸೊಪ್ಪಿನ ಪಲ್ಯ, ಜೊತೆಗೆ ನನ್ನ ಪಾಲಿನ ಕೆನೆ. ಯುಗಾದಿಯ ಹೊತ್ತಿಗೆ ಅವಳ ತಲೆ ಕಪ್ಪಾಗತೊಡಗಿತು. ನಾನು ಮಾತ್ರ ತಪ್ಪಾಯಿತು ಎನ್ನಲಿಲ್ಲ.

ಈಗ ನೀವೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತೀರಿ. ತಟ್ಟೆಯಲ್ಲಿ ಸೊಪ್ಪು ಬಿಟ್ಟರೆ ಬೈಸಿಕೊಳ್ಳುತ್ತೀರಿ. ಪ್ರತಿ ಸಂಕ್ರಾಂತಿಗೆ ಬಿಜ್ಜರಗಿಯಿಂದ ನನ್ನ ಅಕ್ಕ ಕಳಿಸುವ ಡಬ್ಬಿಯಲ್ಲಿ ಒಂದು ಉಂಡೆ ಬೇರೆ ಕಾಗದದಲ್ಲಿ ಸುತ್ತಿರುತ್ತದೆ. "ಇದು ಆಡಿಗೆ" ಎಂದು ಹೇಳಿ ಕಳಿಸುತ್ತಾಳೆ. "ನಮ್ಮನ್ಯಾಗ ಆಡು ಎಲ್ಲೈತಿ, ಅಜ್ಜಾ?" ಎಂದು ನೀವು ಕೇಳುತ್ತಲೇ ಇರುತ್ತೀರಿ.

ಈಗ ಗೊತ್ತಾಯಿತಲ್ಲ. ಈ ಸಲ ಆ ಉಂಡೆಯನ್ನು ಬಿಜ್ಜರಗಿಗೆ ಒಯ್ಯುತ್ತೇನೆ. ಅಕ್ಕನ ಎದುರಿಗೆ ಕುಳಿತು ಅವಳಿಗೇ ತಿನ್ನಿಸುತ್ತೇನೆ.